ಅಗ್ಗದ ವೆಲ್ಡಿಂಗ್ ಪೈಪು ಎಷ್ಟು ನಂಬಿಕಸ್ಥ?

ಮಹಡಿಯ ಮೇಲಿನ ಶೀಟಿನ ಚಾವಣಿಗೆ ಅಗ್ಗದ ಎಂ.ಎಸ್. ಪೈಪು ಸಾಕೇ ಎಂದು ಕೇಳಿರುವ ಓದುಗರು ಬೆಸುಗೆಯ ಗೆರೆಗಿಂತ ಮೊದಲು ಪೈಪಿನ ದಪ್ಪವನ್ನು ಪರೀಕ್ಷಿಸುವುದು ಉಚಿತ. ಉಕ್ಕಿನ ಪಟ್ಟಿಯನ್ನು ರೋಲರುಗಳ ನಡುವೆ ದುಂಡಗೆ ಬಾಗಿಸಿ, ಅಂಚುಗಳನ್ನು ವಿದ್ಯುತ್ತಿನಿಂದ ಕಾಯಿಸಿ ಒತ್ತಿ ಕೂಡಿಸುವ ಇ.ಆರ್.ಡಬ್ಲ್ಯು. ವಿಧಾನದಲ್ಲಿ ಸರಿಯಾಗಿ ಕೂಡಿದ ಗೆರೆ ದುರ್ಬಲವೇನಲ್ಲ. ಕಾವು ಸಾಲದೆ ಅರೆಬರೆ ಕೂಡಿದ್ದರೆ ಮಾತ್ರ ಪೈಪನ್ನು ಚಪ್ಪಟೆಯಾಗಿಸಿದಾಗ ಅಲ್ಲಿಯೇ ಸೀಳು ಬಿಡುತ್ತದೆ. ಉಕ್ಕಿನ ಬಿಗುಪು, ಅಂದರೆ ಹೊರೆಗೆ ಬಾಗದೆ ನಿಲ್ಲುವ ಗುಣ, ಅಗ್ಗದ ಉಕ್ಕಿನಲ್ಲಿಯೂ ದುಬಾರಿ ಉಕ್ಕಿನಲ್ಲಿಯೂ ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ಮೋಸ ಅಡಗುವುದು ಹೆಚ್ಚಾಗಿ ದಪ್ಪದಲ್ಲಿ. 48.3 ಮಿ.ಮೀ. ಹೊರವ್ಯಾಸದ ಪೈಪು 3.2 ಮಿ.ಮೀ. ದಪ್ಪವಿದ್ದರೆ ಮೀಟರಿಗೆ ಸುಮಾರು 3.56 ಕೆ.ಜಿ. ತೂಗುತ್ತದೆ, 2 ಮಿ.ಮೀ. ಇದ್ದರೆ 2.28 ಕೆ.ಜಿ. ಮಾತ್ರ, ವ್ಯಾಪಾರಿಯ ಮಾತಿಗಿಂತ ತಕ್ಕಡಿಯ ಮಾತು ಮೇಲು. ತುಕ್ಕು ಇನ್ನೊಂದು ಮಿತಿ: ಹೊರಗೆ ಎಷ್ಟೇ ಬಣ್ಣ ಬಳಿದರೂ, ಬಾಯಿ ತೆರೆದ ಪೈಪಿನೊಳಗೆ ಮಳೆನೀರು ನಿಂತು ಒಳಗಿನಿಂದಲೇ ತಿನ್ನುತ್ತದೆ, ತೆಳು ಪೈಪು ಬೇಗ ತೂತಾಗುತ್ತದೆ, ಆದ್ದರಿಂದ ತುದಿಗಳನ್ನು ಮುಚ್ಚಿ ಬೆಸೆಯಿಸಬೇಕು. ಬಾಗಿಸುವ ಕಡೆ ಗೆರೆಯನ್ನು ಬಾಗಿನ ಒಳಮೈಗೂ ಹೊರಮೈಗೂ ಬಾರದಂತೆ ಪಕ್ಕಕ್ಕೆ ಇಡಿಸುವುದು ಕ್ಷೇಮ. ಚಾವಣಿಗೂ ಬೇಲಿಗೂ ತಕ್ಕ ದಪ್ಪದ ಇಂಥ ಪೈಪು ಧಾರಾಳವಾಗಿ ಸಾಕು. ಹಬೆಯ ಒತ್ತಡಕ್ಕೆ ಮಾತ್ರ, ಅದಕ್ಕೆಂದೇ ಪರೀಕ್ಷಿಸಿ ಪ್ರಮಾಣೀಕರಿಸಿದ ಪೈಪನ್ನೇ ಕೊಳ್ಳಬೇಕು.