ಎಸ್ಟಿಮೇಟಿನಲ್ಲಿ ಇಲ್ಲದ ಪೈಪು

ಹಳೆ ಕಾರಿನ ಇಂಜಿನ್ ಕೆಲಸಕ್ಕೆ ಮೆಕ್ಯಾನಿಕ್ ಬರೆದುಕೊಡುವ ಎಸ್ಟಿಮೇಟಿನಲ್ಲಿ ಪಿಸ್ಟನ್ ರಿಂಗ್ ಇರುತ್ತದೆ, ಬೇರಿಂಗ್ ಇರುತ್ತದೆ, ಹೆಡ್ ಗ್ಯಾಸ್ಕೆಟ್, ವಾಲ್ವ್ ಸೀಲ್, ಟೈಮಿಂಗ್ ಬೆಲ್ಟ್, ಲೇತ್ ಕೆಲಸ, ಕೂಲಿ ಎಲ್ಲವೂ ಇರುತ್ತದೆ. ಕೂಲೆಂಟ್ ಹರಿಯುವ ಉಕ್ಕಿನ ಪೈಪು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಅದು ಇಂಜಿನಿನ ಹಿಂಬದಿಗೆ ಅಂಟಿಕೊಂಡು ವಾಟರ್ ಪಂಪಿನತ್ತ ಹೋಗುತ್ತದೆ. ಮೇಲೆ ಇನ್‌ಟೇಕ್ ಮ್ಯಾನಿಫೋಲ್ಡ್ ಕೂತಿರುವುದರಿಂದ ಬಿಚ್ಚುವ ಮೊದಲು ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಮಾರುತಿ ಜೆನ್ ಕಾರಿನ ಇಂಜಿನನ್ನು ಕೊಚ್ಚಿಯ ಮಟ್ಟಾಂಚೇರಿಯ ವರ್ಕ್‌ಶಾಪಿನಲ್ಲಿ ಇಳಿಸಿದಾಗ ಎಸ್ಟಿಮೇಟ್ 42,000 ರೂಪಾಯಿ. ಕಾರು ಹೊರಗೆ ಬಂದಾಗ ಬಿಲ್ಲು 49,100. ನಡುವಿನ 7,100 ರೂಪಾಯಿಯ ಬಗ್ಗೆ ಈ ಸಲ ಬರೆಯುತ್ತಿದ್ದೇನೆ. ಇಡೀ ಬಿಲ್ಲಿನಲ್ಲಿ ಹೆಚ್ಚು ಯೋಚನೆ ಬೇಡಿದ ಖರ್ಚು ಅದೇ.

ನಾನು ಕುಂದಾಪುರದ ಕಡೆಯವನು. ಬ್ಯಾಂಕಿನ ವರ್ಗಾವಣೆ ಕೊಚ್ಚಿಗೆ ತಂದಿತು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದೆ. ಚೇರ್ಲಾಯಿಯ ಬೀದಿಗಳಲ್ಲಿ ಕಿವಿಗೆ ಬೀಳುವ ಕೊಂಕಣಿ, ಎರ್ನಾಕುಳಂನ ಉಡುಪಿ ಹೋಟೆಲುಗಳ ಸಾರು, ದೇವಸ್ಥಾನಗಳಲ್ಲಿ ತುಳುನಾಡಿನಿಂದ ಬಂದ ಎಂಬ್ರಾಂತಿರಿ ಅರ್ಚಕರು, ಇವೆಲ್ಲ ಇರುವಾಗ ನಮ್ಮ ಕಡೆಯವರಿಗೆ ಈ ಊರು ಪರಸ್ಥಳ ಅನಿಸುವುದಿಲ್ಲ. ಮಗಳು ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ ಕೆಲಸ ಮಾಡುತ್ತಾಳೆ, ಮನೆ ಕಳಕ್ಕೂಟಂನಲ್ಲಿ. ಇಲ್ಲಿಂದ ಸುಮಾರು 200 ಕಿಲೋಮೀಟರ್. ಕುಂದಾಪುರದ ಮುಂದೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66 ಇಲ್ಲೂ ಇದೆ. ಆಲಪ್ಪುಳ, ಕೊಲ್ಲಂ ದಾಟಿ ದಕ್ಷಿಣಕ್ಕೆ ಸಾಗುವ ಆ ರಸ್ತೆಯಲ್ಲಿ ಜೆನ್ ಓಡುತ್ತಲೇ ಇರುತ್ತದೆ. ಕಾರು 2003ರದು. 993 ಸಿ.ಸಿ. ಇಂಜಿನ್, ಬ್ಲಾಕೂ ಹೆಡ್ಡೂ ಎರಡೂ ಅಲ್ಯೂಮಿನಿಯಂ.

ಈ ವರ್ಷ ಎಣ್ಣೆ ಕುಡಿಯುವುದು ಹೆಚ್ಚಾಯಿತು, ಸೈಲೆನ್ಸರಿನಲ್ಲಿ ನೀಲಿ ಹೊಗೆ. ಆಲಪ್ಪುಳದ ಹತ್ತಿರ ಟೆಂಪರೇಚರ್ ಮುಳ್ಳು ಮಾಮೂಲು ಜಾಗದಿಂದ ಮೇಲೇರಿದ ಕೂಡಲೇ ಕಾರು ಬದಿಗೆ ನಿಲ್ಲಿಸಿ, ಟೋಯಿಂಗ್ ಗಾಡಿ ಕರೆಸಿದೆ. ಅಲ್ಯೂಮಿನಿಯಂ ಹೆಡ್ ಬಿಸಿಯಾದರೆ ಬಾಗುತ್ತದೆ. ಇಂಥ ಇಂಜಿನ್‌ಗಳಲ್ಲಿ ಹೆಡ್ಡಿನ ಮೇಲ್ಮೈ 0.05 ಮಿಲಿಮೀಟರಿಗಿಂತ ಹೆಚ್ಚು ಬಾಗಿದ್ದರೆ ಲೇತಿನಲ್ಲಿ ಸಮ ಮಾಡಿಸಬೇಕು. ಟೋಯಿಂಗಿಗೆ ಕೊಟ್ಟ ದುಡ್ಡು ಹೆಡ್ಡನ್ನು ಉಳಿಸಿತು ಎಂದು ಆಮೇಲೆ ಅಳತೆಪಟ್ಟಿ ಇಟ್ಟು ನೋಡಿದಾಗ ಗೊತ್ತಾಯಿತು.

ಮಟ್ಟಾಂಚೇರಿಯ ನಮ್ಮ ಮೆಕ್ಯಾನಿಕ್ಕನ್ನು ಎಲ್ಲರೂ ಇಕ್ಕ ಎಂದೇ ಕರೆಯುತ್ತಾರೆ. ಮ್ಯಾನಿಫೋಲ್ಡ್ ತೆಗೆದ ದಿನ ಫೋನ್ ಮಾಡಿದರು: "ಸಾರೇ, ಒಮ್ಮೆ ಬಂದು ನೋಡಿ." ಪೈಪಿನ ನಡುಭಾಗ ಪರವಾಗಿಲ್ಲದಂತಿತ್ತು. ರಬ್ಬರ್ ಹೋಸ್ ಏರಿಸಿ ಕ್ಲಿಪ್ ಬಿಗಿಯುವ ತುದಿಯಲ್ಲಿ ಮಾತ್ರ ಪದರ ಪದರವಾಗಿ ತುಕ್ಕು. ಸ್ಕ್ರೂಡ್ರೈವರಿನ ಮೊನೆಯಿಂದ ಮೆಲ್ಲಗೆ ಒತ್ತಿದರು, ಮೊನೆ ಒಳಗೆ ಹೋಯಿತು.

ಆ ತುದಿಯೇ ಏಕೆ ಕೆಡುತ್ತದೆ ಎಂಬುದಕ್ಕೆ ಕಾರಣವಿದೆ. ಹೋಸಿನ ಅಡಿಯಲ್ಲಿ ಸಿಕ್ಕಿಕೊಂಡ ತೇವ ಆರುವುದಿಲ್ಲ, ಅಲ್ಲಿಗೆ ಗಾಳಿಯೂ ಸರಿಯಾಗಿ ತಲುಪುವುದಿಲ್ಲ. ಅಂಥ ಸಂದಿಯಲ್ಲಿ ಉಪ್ಪು ಸಾಂದ್ರವಾಗಿ ಲೋಹವನ್ನು ಬೇಗ ತಿನ್ನುತ್ತದೆ. ಕಬ್ಬಿಣ ತುಕ್ಕಾದಾಗ ಹಲವು ಪಟ್ಟು ಉಬ್ಬುವುದರಿಂದ ಹೋಸನ್ನು ಒಳಗಿನಿಂದ ಎತ್ತುತ್ತದೆ, ಕ್ಲಿಪ್ ಎಷ್ಟು ಬಿಗಿದರೂ ಸೋರುತ್ತದೆ. ಹೊರಗಿನಿಂದ ಕೊಚ್ಚಿಯ ಹಿನ್ನೀರಿನ ಉಪ್ಪುಗಾಳಿ. ಒಳಗಿನಿಂದ, ಹಿಂದಿನ ಕೈಗಳಲ್ಲಿ ಯಾರೋ ಕೂಲೆಂಟ್ ಬದಲು ತುಂಬಿದ ಬರೀ ನೀರು. ಪಶ್ಚಿಮ ಕೊಚ್ಚಿಯ ನೆಲದ ನೀರು ಉಪ್ಪು. ಪೈಪ್ ನೀರು ಬರುವ ಮೊದಲು ಈ ಊರಿಗೆ ಆಲುವಾ ಕಡೆಯಿಂದ ಪೆರಿಯಾರ್ ನೀರನ್ನು ವಳ್ಳಗಳೆಂಬ ದೋಣಿಗಳಲ್ಲಿ ತುಂಬಿ ತರುತ್ತಿದ್ದರು. ಮನುಷ್ಯರೇ ಕುಡಿಯಲಾರದ ಬಾವಿಯ ನೀರನ್ನು ರೇಡಿಯೇಟರಿಗೆ ಹಾಕಿದರೆ ಅದರ ಕ್ಲೋರೈಡು ಉಕ್ಕನ್ನೂ ತಿನ್ನುತ್ತದೆ, ಅಲ್ಯೂಮಿನಿಯಮ್ಮನ್ನೂ ಬಿಡುವುದಿಲ್ಲ. ಕೂಲೆಂಟಿನಲ್ಲಿರುವ ಗ್ಲೈಕಾಲ್ ಕುದಿಯುವ ಮಟ್ಟವನ್ನು ಏರಿಸುತ್ತದೆ. ತುಕ್ಕು ತಡೆಯುವುದು ಅದರೊಂದಿಗೆ ಬೆರೆಸಿದ ರಾಸಾಯನಿಕಗಳ ಕೆಲಸ. ವರ್ಷಗಳು ಕಳೆದಂತೆ ಅವು ಕರಗಿ ಖಾಲಿಯಾಗುತ್ತವೆ. ಬಣ್ಣ ಹಸಿರಾಗಿಯೇ ಉಳಿದಿದ್ದರೂ ಒಳಗೆ ಶಕ್ತಿ ಇರುವುದಿಲ್ಲ.

ಈಗ ದುಡ್ಡಿನ ಮಾತು. ನನ್ನ ಮುಂದೆ ನಾಲ್ಕು ದಾರಿ ಇದ್ದವು. ಕೆಟ್ಟ ತುದಿಯನ್ನು ಕೊಯ್ದು ಬೇರೆ ತುಂಡು ಬೆಸುಗೆ ಹಾಕಿಸುವುದಾದರೆ 300 ರೂಪಾಯಿ. ಗುಜರಿಯಲ್ಲಿ ಸಿಗುವ ಹಳೆ ಪೈಪು ಇನ್ನೊಂದು. ಕಂಪನಿಯ ಹೊಸ ಪೈಪು ಮೂರನೆಯದು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಹೊಸದಾಗಿ ಮಾಡಿಸುವುದು ಕೊನೆಯದು. ಕಂಪನಿಯ ಪೈಪು ಕೊಚ್ಚಿಯಲ್ಲಿ ಸಿಗಲಿಲ್ಲ. ಮಗಳು ತಿರುವನಂತಪುರದ ಅಂಗಡಿಗಳಲ್ಲೂ ವಿಚಾರಿಸಿದಳು, ಈ ಮಾಡೆಲ್‌ದು ಸ್ಟಾಕಿಲ್ಲ ಎಂದರು. ಅಲ್ಲಿನ ಗುಜರಿಯೊಂದರಲ್ಲಿ ಇದ್ದದ್ದರ ಫೋಟೋ ಕಳಿಸಿದಳು. ಹೊರಗೆ ಬಣ್ಣ ಬಳಿದು ಹೊಳೆಯುತ್ತಿತ್ತು, ಬಾಯಿಯೊಳಗೆ ಇಟ್ಟಿಗೆ ಬಣ್ಣದ ಪುಡಿ. ನನ್ನದೇ ಪೈಪಿನ ವಯಸ್ಸಿನದನ್ನು ದುಡ್ಡು ಕೊಟ್ಟು ತರುವುದರಲ್ಲಿ ಅರ್ಥವಿರಲಿಲ್ಲ. ಉಳಿದದ್ದು ಬೆಸುಗೆ ಮತ್ತು ಸ್ಟೇನ್‌ಲೆಸ್. ಸ್ಟೇನ್‌ಲೆಸ್‌ಗೆ 2,400 ರೂಪಾಯಿ.

ಬೆಸುಗೆ ಹಾಕಿಸಿದರೆ ಇವತ್ತು 2,100 ರೂಪಾಯಿ ಉಳಿಯುತ್ತದೆ. ಆದರೆ ಉಕ್ಕು ಅಷ್ಟು ತೆಳುವಾಗಿರುವಾಗ ಪಕ್ಕದಲ್ಲೇ ಮತ್ತೊಂದು ಕಡೆ ತೂತು ಬೀಳಬಹುದು. ಹೆದ್ದಾರಿಯಲ್ಲಿ ಸೋರಿ ಇಂಜಿನ್ ಕಾದರೆ ಮತ್ತೆ ಹೆಡ್ ಬಿಚ್ಚಬೇಕು, ಗ್ಯಾಸ್ಕೆಟ್ ಹೊಸದು, ಲೇತ್, ಕೂಲಿ, ಟೋಯಿಂಗ್. ಇಕ್ಕನನ್ನೇ ಕೇಳಿ ಲೆಕ್ಕ ಹಾಕಿದೆ, ಸುಮಾರು 15,000. 2,100ನ್ನು 15,000ದಿಂದ ಭಾಗಿಸಿದರೆ ಶೇಕಡಾ 14. ಎಂದರೆ ಬೆಸುಗೆ ಹಾಕಿದ ಪೈಪು ಕೈಕೊಡುವ ಸಾಧ್ಯತೆ ಏಳರಲ್ಲಿ ಒಂದಕ್ಕಿಂತ ಕಡಿಮೆ ಎಂದು ಎದೆತಟ್ಟಿ ಹೇಳಬಲ್ಲವರು ಮಾತ್ರ ಬೆಸುಗೆಗೆ ಹೋಗಬಹುದು. ಸ್ಕ್ರೂಡ್ರೈವರ್ ಒಳಗೆ ಹೋದ ಪೈಪಿನ ಬಗ್ಗೆ ಇಕ್ಕ ಹಾಗೆ ಹೇಳಲಿಲ್ಲ, ನನಗೂ ಧೈರ್ಯವಿರಲಿಲ್ಲ. ಯಾವುದೇ ಬಿಡಿಭಾಗದ ಬಗ್ಗೆ ಓದುಗರು ಈ ಭಾಗಾಕಾರ ಮಾಡಿ ನೋಡಬೇಕು ಎಂಬುದು ನನ್ನ ಕೋರಿಕೆ. ಅಂಗಡಿಯವನು ಹೇಳುವ ಬೆಲೆ ಭಾಗದ ಅರ್ಧ ಬೆಲೆಯಷ್ಟೆ. ಅದು ಇರುವ ಜಾಗವನ್ನು ತಲುಪಲು ತೆರುವ ಕೂಲಿ ಮಿಕ್ಕರ್ಧ. ಇಂಜಿನ್ ಕೆಳಗಿಳಿದಿರುವಾಗ ಆ ಕೂಲಿಯನ್ನು ಹೇಗೂ ಕೊಟ್ಟಾಗಿರುತ್ತದೆ. ಮುಚ್ಚಿದ ಮೇಲೆ ಮತ್ತೆ ಅಲ್ಲಿಗೆ ಹೋಗಬೇಕಾದರೆ ಪೂರ್ತಿ ಕೊಡಬೇಕು.

ಪೈಪು ಮಾಡಿಸಿದ ಜಾಗದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕೆನಿಸುತ್ತದೆ. ಕಾರಿನ ಅಂಗಡಿಗಳಲ್ಲಿ ಅಲೆಯುವ ಬದಲು ಇಕ್ಕ ನನ್ನನ್ನು ತೊಪ್ಪುಂಪಡಿಗೆ ಕರೆದುಕೊಂಡು ಹೋದರು. ಅಲ್ಲಿ ಮೀನುಗಾರಿಕೆ ಬಂದರಿದೆ, ಬೋಟುಗಳ ಇಂಜಿನ್ ಕೆಲಸ ಮಾಡುವ ಲೇತ್ ಶೆಡ್ಡುಗಳಿವೆ. ಸಮುದ್ರದ ನೀರಿನ ಜೊತೆ ದಿನವೂ ಏಗುವವರಿಗೆ ತುಕ್ಕಿನ ಪಾಠ ಬೇರೆ ಯಾರೂ ಹೇಳಬೇಕಿಲ್ಲ. ಅಲ್ಲಿನ ಹಿರಿಯ ಕೆಲಸಗಾರರು ಕೇಳಿದ ಮೊದಲ ಪ್ರಶ್ನೆಯೇ "ಮುನ್ನೂರ ನಾಲ್ಕೋ, ಮುನ್ನೂರ ಹದಿನಾರೋ?" ಎಂಬುದು. 304 ಪಾತ್ರೆಗಳಿಗೂ ಬಳಸುವ ಸ್ಟೇನ್‌ಲೆಸ್ ಬಗೆ. 316ರಲ್ಲಿ ಶೇಕಡಾ ಎರಡು ಮೂರರಷ್ಟು ಮಾಲಿಬ್ಡಿನಂ ಇರುವುದರಿಂದ ಉಪ್ಪಿಗೆ ಅದು ಹೆಚ್ಚು ತಡೆಯುತ್ತದೆ, ಬೆಲೆಯೂ ಹೆಚ್ಚು. ನಾನು 316ನ್ನೇ ಕೇಳಿದೆ. ಹಳೆ ಪೈಪನ್ನು ಪಕ್ಕದಲ್ಲಿಟ್ಟುಕೊಂಡು ಅದೇ ಬಾಗು, ಅದೇ ಹೊರ ಅಳತೆಯಲ್ಲಿ ಬಗ್ಗಿಸಿದರು. ತುದಿಯಲ್ಲಿ ಹೋಸ್ ಜಾರದಂತೆ ಸುತ್ತಲೂ ಉಬ್ಬು ತೆಗೆದರು. ಪಂಪಿಗೆ ಸೇರುವ ತುದಿಯನ್ನು ಓ-ರಿಂಗ್ ಕೂರುವಂತೆ ನಯ ಮಾಡಿದರು. ಆ ನಯ ಮುಖ್ಯ. ಅಲ್ಲಿ ಗೀರು ಉಳಿದರೆ ಹೊಸ ಪೈಪೂ ಸೋರುತ್ತದೆ. ಸ್ಟೇನ್‌ಲೆಸ್ಸೂ ಅಲ್ಯೂಮಿನಿಯಮ್ಮೂ ಒಂದೇ ನೀರಿನಲ್ಲಿದ್ದರೆ ಅಲ್ಯೂಮಿನಿಯಂ ಸವೆಯುವ ಅಪಾಯ ಉಂಟು, ಆದ್ದರಿಂದ ಒಳ್ಳೆಯ ಕೂಲೆಂಟ್ ಇಲ್ಲದೆ ಈ ಪೈಪು ಹಾಕಬಾರದು ಎಂದು ಇಕ್ಕ ಷರತ್ತು ಹಾಕಿದರು. ನನ್ನ ದುಡ್ಡಿನ ಮೇಲೆ ನನಗಿಂತ ಹೆಚ್ಚು ಕಾಳಜಿ ಇರುವ ಮೆಕ್ಯಾನಿಕ್ ಸಿಕ್ಕಿರುವುದು ಭಾಗ್ಯ.

ಉಳಿದ ಖರ್ಚು ಹೀಗೆ: ಹೋಸುಗಳೂ ಕ್ಲಿಪ್ಪುಗಳೂ ಎಲ್ಲ ಹೊಸದು, 2,300. ರೇಡಿಯೇಟರ್ ಬಿಚ್ಚಿ ಕಡ್ಡಿ ಹಾಕಿ ಶುಚಿ ಮಾಡಿಸಿದ್ದು 1,500. ಕೂಲೆಂಟೂ ಡಿಸ್ಟಿಲ್ಡ್ ನೀರೂ 900. ರೇಡಿಯೇಟರನ್ನು ಬಿಟ್ಟುಬಿಡೋಣ ಎಂದು ಅನಿಸುವುದು ಸಹಜ. ಆದರೆ ಪೈಪಿನಿಂದ ಉದುರಿದ ತುಕ್ಕಿನ ಚೂರು ಹೋಗಿ ಕೂತಿರುವುದು ಅಲ್ಲೇ. ಸೋರಿಕೆ ನಿಲ್ಲಿಸಲು ಹಿಂದೆ ಯಾರೋ ಸುರಿದ ಪುಡಿಯೂ ಅಲ್ಲಿ ಗಟ್ಟಿಯಾಗಿತ್ತು. ಬೇರೆ ಬೇರೆ ಜಾತಿಯ ಕೂಲೆಂಟ್ ಬೆರೆಸಿದರೆ ಕೂಡ ಕೆಲವೊಮ್ಮೆ ಹೀಗೆ ಕೆಸರು ಕಟ್ಟುತ್ತದೆ.

ಆ 7,100 ರೂಪಾಯಿ ನನ್ನನ್ನು ಗಾಬರಿಗೊಳಿಸಲಿಲ್ಲ, ಏಕೆಂದರೆ ಕೆಲಸಕ್ಕೆ 50,000 ತೆಗೆದಿಟ್ಟೇ ಕಾರು ಬಿಟ್ಟಿದ್ದೆ. ಬ್ಯಾಂಕಿನಲ್ಲಿ ಐಸ್ ಪ್ಲಾಂಟುಗಳಿಗೆ, ಮೀನು ಸಂಸ್ಕರಣೆಯ ಘಟಕಗಳಿಗೆ ಸಾಲ ನೋಡುತ್ತಿದ್ದ ದಿನಗಳಲ್ಲಿ ಯೋಜನಾ ವೆಚ್ಚದ ಕೊನೆಯಲ್ಲಿ ಅನಿರೀಕ್ಷಿತ ವೆಚ್ಚ ಎಂಬ ಸಾಲು ಇದೆಯೇ ಎಂದು ಮೊದಲು ನೋಡುತ್ತಿದ್ದೆವು. ಯಂತ್ರ ಹೊಸದಾದರೆ ಶೇಕಡಾ 10 ಸಾಕಾಗುತ್ತಿತ್ತು. ಇಪ್ಪತ್ತು ವರ್ಷ ದಾಟಿದ ಇಂಜಿನ್ನಿಗೆ ನಾನು ಶೇಕಡಾ 20 ಇಡುತ್ತೇನೆ. ಆ ಸಾಲು ಇಲ್ಲದ ಎಸ್ಟಿಮೇಟನ್ನು ಎಸ್ಟಿಮೇಟ್ ಎಂದೇ ಪರಿಗಣಿಸಬಾರದು. ದುಡ್ಡು ಎಣಿಸಿ 42,000 ಮಾತ್ರ ತಂದವರು ಪೈಪು ತೂತಾಗಿದೆ ಎಂದು ಕೇಳಿದ ಗಳಿಗೆಯಲ್ಲಿ ಬೆಸುಗೆಗೆ ಒಪ್ಪಿಬಿಡುತ್ತಾರೆ.

ವಿಮೆ ಬರುವುದಿಲ್ಲವೇ ಎಂದು ಗೆಳೆಯರು ಕೇಳಿದರು. ಸಾಮಾನ್ಯ ಮೋಟಾರು ಪಾಲಿಸಿಯಲ್ಲಿ ಸವಕಳಿ ಮತ್ತು ಯಾಂತ್ರಿಕ ಕೆಡುಕು ಸೇರುವುದಿಲ್ಲ. ತುಕ್ಕು ಹಿಡಿದ ಪೈಪು ಅಪಘಾತವಲ್ಲ. ಇಂಜಿನ್ ರಕ್ಷಣೆಯ ಆಡ್-ಆನ್‌ಗಳು ಸಾಮಾನ್ಯವಾಗಿ ಹೊಸ ಕಾರುಗಳಿಗೆ. ಹೀಗಾಗಿ ಹಳೆ ಕಾರಿನ ಇಂಜಿನ್ನಿಗೆ ಮಾಲೀಕನೇ ವಿಮಾ ಕಂಪನಿ. ಬಿಡಿಭಾಗಗಳಿಗೆ ಬಿಲ್ಲು ಕೇಳಿ ಪಡೆಯಿರಿ: 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿ.ಎಸ್.ಟಿ. ಶೇಕಡಾ 18. ಮೊದಲು 28 ಇದ್ದ ಭಾಗಗಳನ್ನು ಈಗಲೂ ಹಳೆ ದರದಲ್ಲಿ ಕೊಡುತ್ತಿದ್ದರೆ ಪ್ರಶ್ನಿಸಬಹುದು.

60,000ಕ್ಕೂ ಮಾರಾಟವಾಗದ ಕಾರಿಗೆ 49,100 ಸುರಿಯುವುದೇ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕು. ಮಾರುವ ಬೆಲೆ ಇಲ್ಲಿ ಅಳತೆಗೋಲಾಗುವುದಿಲ್ಲ, ನಾನು ಮಾರುತ್ತಿಲ್ಲ. ಹೊಸ ಸಣ್ಣ ಕಾರಿಗೆ 5 ಲಕ್ಷ ಸಾಲ, ಶೇಕಡಾ 9 ಬಡ್ಡಿ, ಏಳು ವರ್ಷ ಎಂದುಕೊಂಡರೆ ತಿಂಗಳ ಕಂತು ಸುಮಾರು 8,045. ಬಡ್ಡಿಯೊಂದೇ 1 ಲಕ್ಷ 75 ಸಾವಿರ ದಾಟುತ್ತದೆ. ನನ್ನ ಇಂಜಿನ್ ಕೆಲಸದ ಖರ್ಚು ಅಂಥ ಆರು ಕಂತುಗಳಷ್ಟು. ಇಂಜಿನ್ ನಾಲ್ಕು ವರ್ಷ ಓಡಿದರೂ ತಿಂಗಳಿಗೆ ಸಾವಿರ ರೂಪಾಯಿ ಚಿಲ್ಲರೆ. ಆದರೆ ಇದು ಬಾಡಿ ಗಟ್ಟಿ ಇದ್ದಾಗಿನ ಮಾತು. ಕರಾವಳಿಯ ಕಾರುಗಳಲ್ಲಿ ಕಾಲಡಿಯ ಹಲಗೆ, ಸಸ್ಪೆನ್ಷನ್ ಕೂರುವ ಜಾಗ ಮೊದಲು ಹೋಗಿರುತ್ತದೆ. ಅಲ್ಲಿ ತುಕ್ಕು ಹಿಡಿದಿದ್ದರೆ ಇಂಜಿನ್ನಿಗೆ ಒಂದು ರೂಪಾಯಿಯೂ ಹಾಕಬೇಡಿ. ನಾನು ಎಸ್ಟಿಮೇಟ್ ಕೇಳುವ ಮೊದಲು ಕಾರನ್ನು ಮೇಲೆತ್ತಿಸಿ, ಮ್ಯಾಟ್ ಕಿತ್ತು ನೋಡಿದ್ದೆ.

ಆರ್‌ಸಿ ನವೀಕರಣವನ್ನೂ ಲೆಕ್ಕಕ್ಕೆ ಸೇರಿಸಬೇಕು. 2018ರಲ್ಲಿ ಹದಿನೈದು ವರ್ಷ ತುಂಬಿದಾಗ ಶುಲ್ಕ ಕಡಿಮೆಯಿತ್ತು. 2022ರ ಏಪ್ರಿಲ್‌ನಿಂದ ಕಾರುಗಳಿಗೆ 5,000 ಆಯಿತು, 2023ರಲ್ಲಿ ಅಷ್ಟು ಕಟ್ಟಿದೆ. 2025ರ ಆಗಸ್ಟ್‌ನ ಅಧಿಸೂಚನೆಯಂತೆ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000. ನನ್ನ ಸರದಿ 2028ಕ್ಕೆ. ಅದಕ್ಕಾಗಿ ತಿಂಗಳಿಗೆ 1,000 ರೂಪಾಯಿಯ ಆರ್.ಡಿ. ತೆರೆದಿದ್ದೇನೆ. ನವೀಕರಣಕ್ಕೆ ಕಟ್ಟಿ ಉಳಿಯುವುದು ಟೈರಿಗೆ, ಸಸ್ಪೆನ್ಷನ್ನಿಗೆ. ಅದಕ್ಕಿಂತ ಮೊದಲು, ಮುಂದಿನ ಬೇಸಿಗೆಯಲ್ಲಿ, ಹೊಸ ಪೈಪಿನ ಹೋಸನ್ನು ಒಂದು ತುದಿಯಲ್ಲಿ ಬಿಚ್ಚಿ ಒಳಗೆ ನೋಡಬೇಕೆಂದು ಇಕ್ಕನಿಗೆ ಹೇಳಿದ್ದೇನೆ. ಈ ಸಲ ಕೈ ಹೋಗುವಷ್ಟು ಜಾಗ ಬಿಟ್ಟು ಕ್ಲಿಪ್ ತಿರುಗಿಸಿ ಕೂರಿಸಿದ್ದಾರೆ, ಮ್ಯಾನಿಫೋಲ್ಡ್ ತೆಗೆಯಬೇಕಿಲ್ಲ. ಕೂಲಿ 500 ರೂಪಾಯಿ ಎಂದರು, ಮನೆಯ ಖರ್ಚಿನ ಪುಸ್ತಕದಲ್ಲಿ ಮಾರ್ಚ್ ತಿಂಗಳ ಪುಟಕ್ಕೆ ಬರೆದಿಟ್ಟಿದ್ದೇನೆ.