ಬಾಡಿಗೆ ಏರಿಸಿದಾಗ, ಗುತ್ತಿಗೆ ಮುಗಿದಾಗ



ಯುಗಾದಿ ಹತ್ತಿರ ಬಂದಿತೆಂದರೆ ಚಿಗಟೇರಿ ಹೋಬಳಿಯ ಊರುಗಳಲ್ಲಿ ಎರಡು ಬಗೆಯ ಮಾತುಕತೆ ನಡೆಯುತ್ತದೆ. ಒಂದು ಹೊಲದ ಗುತ್ತಿಗೆಯದು. ಇನ್ನೊಂದು ಬಾಡಿಗೆ ಮನೆ, ಅಂಗಡಿ, ಹಿಟ್ಟಿನ ಗಿರಣಿಯ ಜಾಗ ಇವುಗಳದು. “ಹೋದ ವರ್ಷ ಅಷ್ಟಿತ್ತು, ಈ ವರ್ಷ ಇಷ್ಟು ಕೊಡು, ಆಗದಿದ್ದರೆ ಬಿಡು” ಎಂಬುದು ಎರಡರಲ್ಲಿಯೂ ಕೇಳಿಬರುವ ಮಾತು. ಕೇಳಿಸಿಕೊಂಡವನು ಬಾಯಿಮುಚ್ಚಿಕೊಂಡು ಒಪ್ಪುತ್ತಾನೆ, ಇಲ್ಲವೆ ಸಿಟ್ಟಿನಿಂದ ಎದ್ದುಬರುತ್ತಾನೆ. ಕಾನೂನು ಏನು ಹೇಳುತ್ತದೆಂಬುದು ಅವನಿಗೆ ತಿಳಿದಿರುವುದಿಲ್ಲ. ಅನೇಕ ವೇಳೆ ಕೊಟ್ಟ ಮಾಲೀಕನಿಗೂ ತಿಳಿದಿರುವುದಿಲ್ಲ.

ಮೊದಲೇ ಒಂದು ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ. ಮನೆ ಅಂಗಡಿಗಳ ಬಾಡಿಗೆಗೆ ಒಂದು ಕಾನೂನು, ಸಾಗುವಳಿಯ ಹೊಲಕ್ಕೆ ಬೇರೊಂದು ಕಾನೂನು. ಒಂದರಲ್ಲಿ ಬಾಡಿಗೆದಾರನಿಗೆ ಕಾಲೂರಲು ಜಾಗವಿದೆ. ಇನ್ನೊಂದರಲ್ಲಿ, ಹಲವರು ನಂಬಿರುವುದಕ್ಕೆ ವಿರುದ್ಧವಾಗಿ, ಬಹಳ ಕಡಿಮೆ. ಇವೆರಡನ್ನೂ ಕಲಸಿಕೊಂಡು ಮೋಸಹೋದವರುಂಟು.

ಮೊದಲು ಮನೆ, ಅಂಗಡಿಯ ವಿಚಾರ. ಪಟ್ಟಣಗಳಿಗಾಗಿ ಕರ್ನಾಟಕ ಬಾಡಿಗೆ ಕಾಯಿದೆ, 1999 ಎಂಬುದೊಂದಿದೆ. ಅದು ಪಟ್ಟಿಯಲ್ಲಿ ಹೆಸರಿಸಿದ ನಗರ ಪ್ರದೇಶಗಳಿಗೆಂದು ಮಾಡಿದ್ದು. ಹಳ್ಳಿಯವರು ಅದನ್ನು ನೆಚ್ಚಿಕೊಂಡು ಕೂಡಬಾರದು. 2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯ ಹೆಸರನ್ನು ಕೆಲವರು ಹೇಳುತ್ತಾರೆ. ಅದು ಹೆಸರಿಗೆ ತಕ್ಕಂತೆ ಮಾದರಿ ಮಾತ್ರ; ರಾಜ್ಯವು ಶಾಸನ ಮಾಡಿಕೊಂಡಲ್ಲಿ ಮಾತ್ರ ಅದು ಕಾನೂನು. ಹಳ್ಳಿಯ ಬಾಡಿಗೆದಾರನಿಗೆ ಆಸರೆಯಾಗುವುದು ಹಳೆಯದಾದ ಸ್ವತ್ತು ವರ್ಗಾವಣೆ ಕಾಯಿದೆ. ಅದು 1882ರದು. ಹಳತೆಂದು ಹಗುರವಾಗಿ ಕಾಣಬೇಡಿರಿ, ಇಂದಿಗೂ ನ್ಯಾಯಾಲಯಗಳು ನಡೆಯುವುದು ಅದರ ಮೇಲೆಯೇ.

ಒಂದು ಉದಾಹರಣೆಯಿಂದ ನೋಡೋಣ. ನೀವು ಒಂದು ಅಂಗಡಿಯನ್ನು ತಿಂಗಳಿಗೆ ಎರಡು ಸಾವಿರ ರೂಪಾಯಿಯಂತೆ ಹನ್ನೊಂದು ತಿಂಗಳಿಗೆ ಹಿಡಿದಿದ್ದೀರಿ, ಕಾಗದವೂ ಆಗಿದೆ ಎಂದು ಇಟ್ಟುಕೊಳ್ಳಿ. ಐದನೆಯ ತಿಂಗಳಲ್ಲಿ ಮಾಲೀಕರು ಬಂದು ಮೂರು ಸಾವಿರ ಕೇಳಿದರು. ಕೊಡಬೇಕೇ? ಕೊಡಬೇಕಾಗಿಲ್ಲ. ಅವಧಿ ಮುಗಿಯುವವರೆಗೆ ಕಾಗದದಲ್ಲಿದ್ದುದೇ ಬಾಡಿಗೆ. ನಡುವೆ ಏರಿಸಬಹುದೆಂದು ಕಾಗದದಲ್ಲಿಯೇ ಬರೆದಿದ್ದರೆ ಮಾತು ಬೇರೆ. ಆದ್ದರಿಂದಲೇ ಸಹಿ ಹಾಕುವ ಮೊದಲು ಓದಿಸಿಕೊಳ್ಳಬೇಕು. ಇನ್ನು ಅವಧಿಯನ್ನೇ ಗೊತ್ತು ಮಾಡದೆ ತಿಂಗಳು ತಿಂಗಳು ಬಾಡಿಗೆ ಕೊಡುತ್ತ ಬಂದಿದ್ದೀರಿ ಎನ್ನೋಣ. ಆಗಲೂ ನಿಮ್ಮ ಒಪ್ಪಿಗೆಯಿಲ್ಲದೆ ಬಾಡಿಗೆ ಏರುವುದಿಲ್ಲ. ಆದರೆ ಮಾಲೀಕರಿಗೆ ಒಂದು ದಾರಿಯಿದೆ. ಕಾಯಿದೆಯ 106ನೆಯ ಕಲಮಿನಂತೆ ಅವರು ಹದಿನೈದು ದಿವಸದ ನೋಟೀಸು ಕೊಟ್ಟು ಬಾಡಿಗೆಯನ್ನು ಮುಗಿಸಬಹುದು. ನೋಟೀಸು ಬರವಣಿಗೆಯಲ್ಲಿರಬೇಕು, ಸಹಿಯಿರಬೇಕು. ಅದು ನಿಮಗೆ ತಲುಪಿದ ದಿನದಿಂದ ಹದಿನೈದು ದಿವಸ ಎಣಿಸಬೇಕು. ಸಂತೆಯಲ್ಲಿ ಎದುರಾದಾಗ “ನಾಳೆ ಖಾಲಿ ಮಾಡು” ಎಂದರೆ ಅದು ನೋಟೀಸು ಅಲ್ಲ.

ಹದಿನೈದು ದಿವಸ ಕಳೆದವು, ನೀವು ಬಿಡಲಿಲ್ಲ. ಮುಂದೇನು? ಮಾಲೀಕರು ನ್ಯಾಯಾಲಯಕ್ಕೆ ದಾವೆ ಹಾಕಬೇಕು. ತಾವೇ ಬಂದು ಬೀಗ ಜಡಿಯುವುದು, ಸಾಮಾನು ಬೀದಿಗೆ ಹಾಕುವುದು, ನಾಲ್ಕು ಜನರನ್ನು ಕರೆತಂದು ಹೆದರಿಸುವುದು ಕಾನೂನಿನ ಮಾರ್ಗವಲ್ಲ. ಹಾಗೆ ಮಾಡಿದಲ್ಲಿ ನಿರ್ದಿಷ್ಟ ಪರಿಹಾರ ಕಾಯಿದೆ, 1963ರ 6ನೆಯ ಕಲಮಿನ ಮೇರೆಗೆ ಜಾಗವನ್ನು ಮರಳಿ ಪಡೆಯಲು ನೀವು ದಾವೆ ಹೂಡಬಹುದು. ಜಾಗ ಯಾರದೆಂಬ ಪ್ರಶ್ನೆಯನ್ನು ಅಲ್ಲಿ ಎತ್ತುವಂತಿಲ್ಲ. ಸ್ವಾಧೀನ ಯಾರಲ್ಲಿತ್ತು, ಅದನ್ನು ಬಲವಂತದಿಂದ ತಪ್ಪಿಸಿದರೇ ಎಂಬುದಷ್ಟೇ ವಿಚಾರ. ಆದರೆ ಆರು ತಿಂಗಳೊಳಗೆ ಹೂಡಬೇಕು. ಊರ ಹಿರಿಯರು ಬಗೆಹರಿಸುತ್ತಾರೆಂದು ಈ ಪಂಚಾಯಿತಿ, ಆ ಪಂಚಾಯಿತಿ ಎಂದು ಕಾದು, ಏಳನೆಯ ತಿಂಗಳಲ್ಲಿ ವಕೀಲರ ಬಳಿ ಹೋದರೆ ಈ ಬಾಗಿಲು ಮುಚ್ಚಿರುತ್ತದೆ. ರಾಜಿಯ ಮಾತು ನಡೆಯಲಿ, ತಾರೀಖನ್ನು ಮಾತ್ರ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿರಿ.

ಕಾಗದದ ಅವಧಿ ತಾನಾಗಿಯೇ ಮುಗಿದಲ್ಲಿ ನೋಟೀಸು ಬೇಕಾಗಿಲ್ಲ. ಮುಗಿದ ಮೇಲೂ ನೀವು ಇದ್ದೀರಿ, ಮಾಲೀಕರೂ ಬಾಡಿಗೆ ತೆಗೆದುಕೊಳ್ಳುತ್ತಿದ್ದಾರೆ ಎಂದಾದರೆ ಬಾಡಿಗೆಯು ಮುಂದುವರಿಯಿತೆಂದು 116ನೆಯ ಕಲಮು ತಿಳಿಯುತ್ತದೆ. ಮತ್ತೆ ನೋಟೀಸಿಲ್ಲದೆ ಬಿಡಿಸುವಂತಿಲ್ಲ. ಹೀಗಿರುವಾಗ ಆ ತಿಂಗಳ ರಶೀದಿಯ ಬೆಲೆ ಎಷ್ಟೆಂದು ನೀವೇ ಯೋಚಿಸಿರಿ. ರಶೀದಿ ಕೊಡದವರಿಗೆ ಬ್ಯಾಂಕಿನ ಖಾತೆಗೋ ಮೊಬೈಲಿನ ಮೂಲಕವೋ ಹಣ ಕಳುಹಿಸಿದರೆ ಅದೇ ರಶೀದಿ. ಕೈಗೆ ಕೊಟ್ಟ ಹಣಕ್ಕೆ ಸಾಕ್ಷಿ ದೇವರೊಬ್ಬನೇ, ಅವನು ಹರಪನಹಳ್ಳಿಯ ಕೋರ್ಟಿಗೆ ಬರುವುದಿಲ್ಲ.

ಹನ್ನೊಂದೇ ತಿಂಗಳು ಏಕೆಂದು ಹಲವರು ಕೇಳುವುದುಂಟು. ಒಂದು ವರ್ಷಕ್ಕೆ ಮೀರಿದ ಕರಾರನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು ತಪ್ಪಿಸಲು ಹನ್ನೊಂದು ತಿಂಗಳು ಬರೆಯುತ್ತಾರೆ. ಮನೆಗಾದರೆ ಸರಿ. ಗಿರಣಿ, ಹೋಟೆಲು, ವರ್ಕ್‌ಶಾಪು ಹೀಗೆ ಸಾಲಮಾಡಿ ಯಂತ್ರ ಕೂಡಿಸುವವರು ಹನ್ನೊಂದು ತಿಂಗಳಿಗೆ ಒಪ್ಪುವುದು ಜಾಣತನವಲ್ಲ. ಸಾಲ ತೀರಲು ಐದು ವರ್ಷ ಬೇಕಾದರೆ ಐದು ವರ್ಷಕ್ಕೆ ಬರೆಸಿ ನೋಂದಾಯಿಸಿರಿ. ವರ್ಷಕ್ಕೆ ಎಷ್ಟು ಏರಿಸಬೇಕೆಂಬುದನ್ನೂ ಅದರಲ್ಲಿಯೇ ಕಾಣಿಸಿರಿ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಿನ ರೈತರು ಸೌರವಿದ್ಯುತ್ ಕೇಂದ್ರಕ್ಕೆ ತಮ್ಮ ಹೊಲಗಳನ್ನು ಕೊಟ್ಟಾಗ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಕೆ ಎಂದು ಮೊದಲೇ ಬರೆಸಿಕೊಂಡರು. ಅಲ್ಲಿ ರೈತರೇ ಮಾಲೀಕರು. ಏರಿಕೆಯನ್ನು ಮೊದಲೇ ಬರೆದಿಟ್ಟರೆ ಯುಗಾದಿಗೊಮ್ಮೆ ಹಗ್ಗಜಗ್ಗಾಟ ತಪ್ಪುತ್ತದೆಂಬುದು ಕೊಟ್ಟವರಿಗೂ ಹಿಡಿದವರಿಗೂ ಸಮನಾದ ಲಾಭ.

ಬಿಡುವಾಗ ನೀವು ಕೂಡಿಸಿದ ಕಪಾಟು, ತಗಡಿನ ಚಪ್ಪರ, ಯಂತ್ರ ಇವುಗಳನ್ನು ಒಯ್ಯುವ ಹಕ್ಕು ನಿಮಗಿದೆ. ಜಾಗವನ್ನು ಮೊದಲಿದ್ದಂತೆ ಮಾಡಿಕೊಡಬೇಕು. ಆದರೆ ಸ್ವಾಧೀನ ನಿಮ್ಮಲ್ಲಿರುವಾಗಲೇ ಒಯ್ಯಬೇಕು, ಬೀಗದ ಕೈ ಕೊಟ್ಟ ಮೇಲಲ್ಲ. ಭೋಗ್ಯದ ಮನೆಗಳ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು. ಲಕ್ಷಾಂತರ ರೂಪಾಯಿ ಇಡುಗಂಟು ಕೊಟ್ಟು ಬಾಡಿಗೆಯಿಲ್ಲದೆ ಇರುವ ಈ ಪದ್ಧತಿಯಲ್ಲಿ ಅವಧಿ ಮುಗಿದಾಗ ಹಣ ಮರಳದಿರುವುದೇ ದೊಡ್ಡ ತೊಂದರೆ. ಭೋಗ್ಯವು ಕಾನೂನಿನ ಕಣ್ಣಿಗೆ ಅಡಮಾನ. ಅದಕ್ಕೆ ನೋಂದಾಯಿಸಿದ ಪತ್ರ, ಇಬ್ಬರು ಸಾಕ್ಷಿಗಳು ಬೇಕು. ಹಾಗೆ ಮಾಡಿಸಿಕೊಂಡವನು ಹಣ ಕೈಸೇರುವವರೆಗೆ ಮನೆಯನ್ನು ಹಿಡಿದುಕೊಂಡಿರಬಹುದು. ಬಿಳಿ ಹಾಳೆಯ ಮೇಲೆ ಬರೆಸಿಕೊಂಡವನ ಗತಿ ಹಾಗಲ್ಲ.

ಇನ್ನು ಹೊಲದ ಮಾತಿಗೆ ಬರೋಣ. ಇದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1951ರಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಜಗಳ ಹುಟ್ಟಿದ್ದು ಒಂದು ಕೊಳಗದಿಂದ. ಗೇಣಿಯ ಭತ್ತ ಅಳೆಯಲು ಒಡೆಯರು ಇಟ್ಟುಕೊಂಡ ಕೊಳಗವು ವಾಡಿಕೆಯ ಅಳತೆಗಿಂತ ದೊಡ್ಡದೆಂಬುದು ರೈತರ ದೂರು. ನೋಡಿರಿ, ಗೇಣಿ ಇಷ್ಟು ಕೊಳಗ ಎಂಬ ಲೆಕ್ಕದಲ್ಲಿ ಒಂದಂಕಿಯೂ ಬದಲಾಗದೆ ಗೇಣಿ ಏರಿತ್ತು! ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. ರಾಮಮನೋಹರ ಲೋಹಿಯಾ ಅವರು ಬಂದು ಬಂಧಿತರಾದರು. ಆಗ ನಮ್ಮ ಹರಪನಹಳ್ಳಿ ತಾಲ್ಲೂಕು ಮದರಾಸು ರಾಜ್ಯದಲ್ಲಿತ್ತು. ಮೈಸೂರನ್ನು ಸೇರಿದ್ದು 1953ರ ಅಕ್ಟೋಬರ್ 1ರಂದು. ಕಾಗೋಡಿನ ಸುದ್ದಿ ಅಂದು ನಮಗೆ ಪಕ್ಕದ ರಾಜ್ಯದ ಸುದ್ದಿ. ಅದರ ಫಲ ಮಾತ್ರ ನಮಗೂ ಬಂದಿತು.

1961ರ ಭೂಸುಧಾರಣಾ ಕಾಯಿದೆಯು 1965ರ ಅಕ್ಟೋಬರ್ 2ರಿಂದ ಜಾರಿಯಾಯಿತು. ಗೇಣಿಯು ಒಟ್ಟು ಬೆಳೆಯ ನಾಲ್ಕನೆಯ ಅಥವಾ ಐದನೆಯ ಒಂದು ಪಾಲನ್ನು ಮೀರಕೂಡದೆಂದು ಅದು ಮಿತಿ ಹಾಕಿತು. ಬಳಿಕ ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿಯು 1974ರ ಮಾರ್ಚ್ 1ರಂದು ಜಾರಿಗೆ ಬಂದು, ಮಿತಿ ಹಾಕುವುದನ್ನು ಬಿಟ್ಟು ಗೇಣಿಯ ಬೇರನ್ನೇ ಕಿತ್ತಿತು. ಆ ದಿನಕ್ಕೆ ಮೊದಲು ಗೇಣಿದಾರರ ಕೈಯಲ್ಲಿದ್ದ ಹೊಲಗಳೆಲ್ಲ ಸರ್ಕಾರಕ್ಕೆ ಸೇರಿದವು. ಉಳುತ್ತಿದ್ದವನು ನಮೂನೆ 7ರಲ್ಲಿ ಅರ್ಜಿ ಕೊಟ್ಟು, ಭೂ ನ್ಯಾಯಮಂಡಳಿಯ ಮುಂದೆ ತೋರಿಸಿದರೆ ಹೊಲ ಅವನದಾಯಿತು. ಅರ್ಜಿಗೆ ಕೊನೆಯ ದಿನ 1979ರ ಜೂನ್ 30. ನಿಮ್ಮ ತಂದೆಯವರೋ ತಾತನವರೋ ಹೀಗೆ ಹೊಲ ಪಡೆದಿದ್ದರೆ ನಮೂನೆ 10ರ ಪ್ರಮಾಣಪತ್ರ ಇದ್ದೇ ಇರಬೇಕು. ಪೆಟ್ಟಿಗೆ ತೆಗೆದು ನೋಡಿರಿ. ಹುಳು ಹಿಡಿಯುವ ಮೊದಲು ನಕಲು ಮಾಡಿಸಿಡಿರಿ.

ಹಲವರು ತಿಳಿಯದಿರುವ ಸಂಗತಿ ಮುಂದಿನದು. ಅದೇ ತಿದ್ದುಪಡಿಯು 5ನೆಯ ಕಲಮಿನಲ್ಲಿ ಮುಂದೆ ಹೊಸದಾಗಿ ಹೊಲವನ್ನು ಗೇಣಿಗೆ ಕೊಡಕೂಡದೆಂದು ನಿಷೇಧಿಸಿತು. ಸೈನಿಕರು, ನಾವಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. 2020ರ ತಿದ್ದುಪಡಿಯಿಂದ ಇದೆಲ್ಲ ಹೋಯಿತೆಂದು ಹೇಳುವವರಿದ್ದಾರೆ. ಹೋಗಿಲ್ಲ. ಆಗ ತೆಗೆದದ್ದು ಹೊಲ ಕೊಳ್ಳುವವರ ಮೇಲಿದ್ದ ನಿರ್ಬಂಧಗಳನ್ನು.

ಅಂದಮೇಲೆ ಇಂದು ಊರೂರಿನಲ್ಲಿ ನಡೆಯುತ್ತಿರುವ ಗುತ್ತಿಗೆ ಏನು? ಕಾನೂನಿನ ಲೆಕ್ಕದಲ್ಲಿ ಅದು ಇಲ್ಲವೇ ಇಲ್ಲ. ಒಡೆಯನು ಎಕರೆಗೆ ಎಷ್ಟು ಏರಿಸಿದರೂ ತಡೆಯುವ ಅಧಿಕಾರಿಯಿಲ್ಲ. ಹತ್ತು ವರ್ಷ ಉತ್ತೆನೆಂದು ಹೊಲ ನಿಮ್ಮದಾಗುವುದಿಲ್ಲ. 1974ರ ಹಕ್ಕು ಆ ದಿನಕ್ಕೆ ಮೊದಲು ಉಳುತ್ತಿದ್ದವರಿಗೆ. ಆದರೆ ಆ ಕಾಲದ ಅಂಜಿಕೆ ಮಾತ್ರ ಒಡೆಯರ ಮನಸ್ಸಿನಿಂದ ಹೋಗಿಲ್ಲ. ಬರೆದುಕೊಟ್ಟರೆ ಹೊಲ ಹೋದೀತೆಂದು ಅವರು ಚೀಟಿ ಬರೆಯುವುದಿಲ್ಲ, ಎರಡು ವರ್ಷಕ್ಕಿಂತ ಹೆಚ್ಚು ಒಬ್ಬನಿಗೇ ಕೊಡುವುದಿಲ್ಲ. ಹಿಡಿದವನೋ ಮುಂದಿನ ವರ್ಷ ಯಾರ ಪಾಲೋ ಎಂದು ಕೆರೆಯ ಗೋಡು ಹೊಡೆಸುವುದಿಲ್ಲ, ಬದು ಕಟ್ಟುವುದಿಲ್ಲ. ಹೊಲ ಬಡವಾಗುತ್ತದೆ. ಉಳುವವನನ್ನು ಕಾಯಲೆಂದು ಕಟ್ಟಿದ ಬೇಲಿಯು ಈಗ ಉಳುವವನನ್ನೇ ಹೊರಗೆ ನಿಲ್ಲಿಸಿದೆ ಎಂಬುದು ಈ ಲೇಖಕನ ಅಭಿಪ್ರಾಯ. 1974ರ ಕಾನೂನು ತಪ್ಪಾಗಿತ್ತೆಂದು ಇದರ ಅರ್ಥವಲ್ಲ. ಗುತ್ತಿಗೆಗೆ ಬರವಣಿಗೆಯ ಮಾನ್ಯತೆ ಕೊಡುವ ಒಂದು ಮಾದರಿ ಶಾಸನವನ್ನು ನೀತಿ ಆಯೋಗವು 2016ರಲ್ಲಿ ರಾಜ್ಯಗಳ ಮುಂದಿಟ್ಟಿತ್ತು.

ಕಾನೂನು ಕೈಹಿಡಿಯದ ಕಡೆ ಎಚ್ಚರವೇ ಕೈಹಿಡಿಯಬೇಕು. ಮುಂದಿನ ವರ್ಷದ ಮಾತನ್ನು ಸುಗ್ಗಿ ಮುಗಿದ ಕೂಡಲೇ, ಮಾಗಿ ಉಳುಮೆಗೆ ಮೊದಲೇ, ಹಿರಿಯರ ಎದುರಿಗೆ ಮುಗಿಸಿಕೊಳ್ಳಿರಿ. ಉತ್ತು, ತಿಪ್ಪೆ ಗೊಬ್ಬರ ಹರವಿದ ಮೇಲೆ “ಇಷ್ಟು ಏರಿಸು” ಎಂದರೆ ಆಗ ನಿಮ್ಮ ಕೈ ಕಟ್ಟಿರುತ್ತದೆ. ಮಳೆ ಹೋದರೆ ಗುತ್ತಿಗೆ ಹಣ ಏನಾಗಬೇಕು, ಬೆಳೆ ಪರಿಹಾರ ಬಂದರೆ ಯಾರಿಗೆ ಎಷ್ಟು ಎಂಬುದನ್ನೂ ಆಗಲೇ ಆಡಿಬಿಡಿರಿ. ಏಕೆಂದರೆ ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. ಬೀಜ, ಗೊಬ್ಬರ, ಬಾಡಿಗೆ ಟ್ರ್ಯಾಕ್ಟರಿನ ಚೀಟಿಗಳನ್ನು ತಾರೀಖಿನೊಡನೆ ಕೂಡಿಡಿರಿ. ಬೆಳೆ ನಿಂತ ಹೊಲದಿಂದ ಬಲವಂತವಾಗಿ ಹೊರಹಾಕಿದರೆ ಆ ಬೆಳೆ ನೀವು ಬಿತ್ತಿದ್ದೆಂದು ತೋರಿಸಲು ಅವು ಬೇಕಾಗುತ್ತವೆ. ಇಂಥ ಸಂದರ್ಭದಲ್ಲಿ 5ನೆಯ ಕಲಮು ಅಡ್ಡಬರುವುದರಿಂದ ವಕೀಲರನ್ನು ಕೇಳದೆ ಹೆಜ್ಜೆಯಿಡಬಾರದು.

ಸಾಲದ ವಿಚಾರದಲ್ಲಿ ಒಂದು ದಾರಿಯಿದೆ. ಸ್ವಂತ ಹೊಲವಿಲ್ಲದೆ ಬಾಯಿಮಾತಿನ ಗುತ್ತಿಗೆಯಲ್ಲಿ ಉಳುವವರು ನಾಲ್ಕರಿಂದ ಹತ್ತು ಮಂದಿ ಸೇರಿ ಜಂಟಿ ಹೊಣೆಗಾರಿಕೆ ಗುಂಪು ಮಾಡಿಕೊಂಡರೆ ಬ್ಯಾಂಕು ಬೆಳೆಸಾಲ ಕೊಡಬಹುದೆಂಬುದು ನಬಾರ್ಡಿನ ಯೋಜನೆ. ಅಡಮಾನದ ಬದಲು ಒಬ್ಬರಿಗೊಬ್ಬರು ಹೊಣೆ. ಕಿಸಾನ್ ಕ್ರೆಡಿಟ್ ಕಾರ್ಡಿಗೂ ಇಂಥ ರೈತರು ಅರ್ಹರು. 2016ರ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯೂ ಗುತ್ತಿಗೆಯವರನ್ನು ಹೊರಗಿಟ್ಟಿಲ್ಲ, ಆದರೆ ಗುತ್ತಿಗೆಯ ದಾಖಲೆ ಕೇಳುತ್ತದೆ. ಮೇಲೆ ಹೇಳಿದ ಕಾರಣದಿಂದ ಆ ದಾಖಲೆಯೇ ಇರುವುದಿಲ್ಲ.

ವಕೀಲರ ಖರ್ಚಿಗೆ ಅಂಜಿ ಸುಮ್ಮನಿರಬೇಕಾಗಿಲ್ಲ. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು ಇವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಸರ್ಕಾರದ ಖರ್ಚಿನಲ್ಲಿಯೇ ವಕೀಲರು ದೊರೆಯುತ್ತಾರೆ. ಹರಪನಹಳ್ಳಿಯ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ವಿಚಾರಿಸಿರಿ, ಫೋನಿನಲ್ಲಾದರೆ 15100. ಹೋಗುವಾಗ ಕರಾರು ಪತ್ರ, ರಶೀದಿಗಳು, ಬಂದ ನೋಟೀಸು, ಅದು ಬಂದ ಲಕೋಟೆ ಇವಿಷ್ಟನ್ನೂ ಒಯ್ಯಿರಿ. ಲಕೋಟೆಯನ್ನು ಹಲವರು ಹರಿದು ಬಿಸಾಡುತ್ತಾರೆ. ಹದಿನೈದು ದಿವಸದ ಎಣಿಕೆ ಎಂದು ತೊಡಗಿತೆಂಬುದಕ್ಕೆ ಅದರ ಮೇಲಿನ ಅಂಚೆ ಮುದ್ರೆಯೂ ಆಧಾರ.