ಮಾವು ಬೇಡ, ಸೀಬೆ ನೆಡಿ

ಜಯನಗರ, ಬನಶಂಕರಿಯ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ ಉಳಿದ ಅಂಗೈಯಗಲ ಮಣ್ಣಿಗೆ ಮಾವು, ಹಲಸು ಬೇಡ. ಮುಂದೆ ಕಾಂಪೌಂಡೂ ಬಿರುಕು ಬಿಟ್ಟೀತು, ನೆರೆಯವರ ಸ್ನೇಹವೂ. ಸೀಬೆ ಹಾಕಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಕಿರಣ್’ ಕೆಂಪು ತಿರುಳಿನ ಒಳ್ಳೆಯ ತಳಿ. ಕಸಿ ಗಿಡ ಎರಡು-ಮೂರು ವರ್ಷಕ್ಕೇ ಕಾಯಿ ಬಿಡುತ್ತದೆ. ಬೀಜದ ಗಿಡಕ್ಕೆ ಇನ್ನೂ ಕಾಯಬೇಕು, ಹಣ್ಣು ತಾಯಿಮರದಂತೆಯೇ ಇರುವ ಖಾತರಿಯೂ ಇಲ್ಲ. ಜೂನ್-ಜುಲೈನಲ್ಲಿ ಮಳೆ ಹಿಡಿದಾಗ 2 ಅಡಿ ಗುಂಡಿ ತೆಗೆದು, ಕೊಟ್ಟಿಗೆ ಗೊಬ್ಬರ ಬೆರೆಸಿ ನೆಡಿ. ಕಸಿಗಂಟು ಮಣ್ಣಿನ ಮೇಲಿರಲಿ, ಸಂಪು ದೂರವಿರಲಿ.

ಮುಂದಿನದು ಮನೆಯ ಹಿರಿಯರ ಕೆಲಸ. ಊರಲ್ಲಿ ತೋಟ ಮಾಡಿದ ಅಜ್ಜಿಯೋ ಮಾವನೋ ಇದ್ದರೆ ಕತ್ತರಿಯನ್ನು ಅವರ ಕೈಗೇ ಕೊಡಿ. ಸೀಬೆ ಕಾಯಿ ಕಚ್ಚುವುದು ಹೊಸ ಚಿಗುರಿನಲ್ಲಿ. ಕೊಂಬೆ ಸವರಲು ಹೆದರುವ ನಮ್ಮಂಥ ಪೇಟೆಯವರ ಗಿಡ ಸುಮ್ಮನೆ ಎತ್ತರಕ್ಕೆ ಹೋಗಿ ಅಳಿಲು, ಗಿಳಿಗಳ ಪಾಲಾಗುತ್ತದೆ. ಹಣ್ಣುನೊಣಕ್ಕೆ ವಿಷ ಹೊಡೆಯಬೇಡಿ: ಕಾಯಿ ನಿಂಬೆ ಗಾತ್ರವಾದಾಗ ಮಕ್ಕಳಿಂದ ಕಾಗದದ ಚೀಲ ಕಟ್ಟಿಸಿ, ಉದುರಿದ ಹುಳುಕು ಹಣ್ಣನ್ನು ಅಂದೇ ಹೆಕ್ಕಿಸಿ.

ಗಿಡಕ್ಕೆ ಲಾಲ್‌ಬಾಗ್‌ ನರ್ಸರಿ ಹತ್ತಿರವೇ ಇದೆ. ಹೋಗುವಾಗ ಅಜ್ಜಿಯನ್ನೂ ಕರೆದೊಯ್ಯಿರಿ, ಗಿಡ ಅವರೇ ಆರಿಸಲಿ.